ಹಕಾರ ಬಾರದ ಹೇಮಾವತಿ

ಫೋನಿನಲ್ಲಿ ಯಾರಾದರೂ ನನ್ನ ಹೆಸರು ಕೇಳಿದರೆ, ಹೇಳುವ ಮುಂಚೆ ನಾನು ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತೇನಂತೆ. ಇಷ್ಟು ವರ್ಷ ಇದು ನನಗೇ ಗೊತ್ತಿರಲಿಲ್ಲ. ಮೊನ್ನೆ ಗ್ಯಾಸಿನವರ ಜೊತೆ ಮಾತನಾಡುತ್ತಿದ್ದಾಗ ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಮ್ಮ ಮನೆಯವರು ಅದನ್ನು ಕಂಡುಹಿಡಿದರು. ಸ್ವಂತ ಹೆಸರು ಹೇಳಲು ಬಾವಿಗೆ ಜಿಗಿಯುವವಳ ಹಾಗೆ ಉಸಿರು ಹಿಡಿಯುತ್ತೀಯಲ್ಲ ಎಂದು ನಕ್ಕರು. ಅವರು ಧಾರವಾಡದವರು. ಆ ಕಡೆ ಹಕಾರಕ್ಕೆ ಬರವಿಲ್ಲ. ಹೌದ್ರಿ, ಹಂಗ್ರಿ, ಹೋಗ್ರಿ ಎಂದು ದಿನವಿಡೀ ಧಾರಾಳವಾಗಿ ಖರ್ಚು ಮಾಡುತ್ತಾರೆ. ಅಂಥವರಿಗೆ ನನ್ನ ಕಷ್ಟ ಹೇಗೆ ತಿಳಿಯಬೇಕು? ನೀವು ಹಾಸನದ ಕಡೆಯವರಾಗಿದ್ದರೆ ಮಾತ್ರ ಈಗಾಗಲೇ ತುಟಿಯಂಚಿನಲ್ಲಿ ನಗುತ್ತಿರುತ್ತೀರಿ.

ನಮ್ಮ ಆಲೂರು ಸೀಮೆಯಲ್ಲಿ 'ಹ' ಎಂಬ ಅಕ್ಷರಕ್ಕೆ ಪುಸ್ತಕದಲ್ಲಿ ಜಾಗವಿದೆ, ಬಾಯಲ್ಲಿ ಇಲ್ಲ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ, ಹಬ್ಬ ಅಬ್ಬವಾಗುತ್ತದೆ. ಕೋರ್ಟಿನ ಕೆಲಸಕ್ಕೆ ಹಾಸನಕ್ಕೆ ಹೊರಟವರೆಲ್ಲ ಆಸನಕ್ಕೆ ಹೋಗಿ ಬರುತ್ತಾರೆ. ನಮ್ಮ ಮನೆಯಲ್ಲಿ ಹಾರುವುದೂ ಅಕ್ಕಿ, ಬೇಯುವುದೂ ಅಕ್ಕಿ. ಅದರಿಂದ ಯಾರಿಗೂ ಗೊಂದಲವಾದದ್ದಿಲ್ಲ. ಸಕಲೇಶಪುರದ ಹೊಳೆಗೆ ಹೇಮಾವತಿ ಎಂದು ಹೆಸರಿದ್ದರೂ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಒಳೆ ಅಂದರೆ ಆಯಿತು.

ಹಾಗಿರುವಾಗ ನಮ್ಮಪ್ಪ ನನಗೆ ಆ ಹೆಸರು ಯಾಕಿಟ್ಟರೋ. ನಾನು ಹುಟ್ಟಿದ್ದು ಸಕಲೇಶಪುರದಲ್ಲಿ. ಸುದ್ದಿ ಕೇಳಿ ಊರಿನಿಂದ ಬರುತ್ತಿದ್ದ ಅಪ್ಪನ ಬಸ್ಸು ಸರಿಯಾಗಿ ಸೇತುವೆಯ ಮೇಲೆ ಕೆಟ್ಟು ನಿಂತಿತಂತೆ. ಮುಕ್ಕಾಲು ಗಂಟೆ ಕಿಟಕಿಯಿಂದ ಹೊಳೆಯನ್ನೇ ನೋಡಿ, ಇದೇ ಹೆಸರು ಎಂದು ತೀರ್ಮಾನಿಸಿಬಿಟ್ಟರು. ಬಸ್ಸು ಬೇಗ ರಿಪೇರಿಯಾಗಿದ್ದರೆ ನಾನು ಊರಿನ ಇನ್ನೈದು ಹುಡುಗಿಯರಂತೆ ಮಂಜುಳಾ ಆಗಿ ನೆಮ್ಮದಿಯಾಗಿ ಇರುತ್ತಿದ್ದೆ. ಅಪ್ಪ ಅಷ್ಟು ಆಸೆಪಟ್ಟು ಇಟ್ಟ ಹೆಸರು ಮನೆಗೆ ಬಂದ ದಿನವೇ ಏಮಾವತಿಯಾಯಿತು. ಅವ್ವನಿಗೆ ಅದೂ ಉದ್ದವಾಗಿ, ಏಮ ಎಂದಳು.

ಅವ್ವನ ಗಂಟಲಿನ ಬಗ್ಗೆ ಹೇಳದಿದ್ದರೆ ಈ ಕಥೆ ಮುಂದೆ ಹೋಗುವುದಿಲ್ಲ. ಕೆ. ಹೊಸಕೋಟೆಯಲ್ಲಿ ನಮ್ಮದು ಹಿಟ್ಟಿನ ಮಿಷನ್. ಅಪ್ಪ ಜಮೀನು ನೋಡಿಕೊಳ್ಳುತ್ತಿದ್ದರು. ಮಿಷನ್ ಪೂರ್ತಿ ಅವ್ವನದು. ಬೆಲ್ಟು ತಿರುಗತೊಡಗಿದರೆ ಮೂರು ಮನೆಯಾಚೆ ಕೂತವರೂ ಮಾತು ನಿಲ್ಲಿಸುತ್ತಿದ್ದರು. ಆ ಸದ್ದಿನ ಮೇಲೆ ಅವ್ವ ಗಿರಾಕಿಗಳ ಜೊತೆ ಮನೆಕಷ್ಟ, ಮಕ್ಕಳ ಕೆಮ್ಮು, ಸೊಸೆಯಂದಿರ ಬಸುರಿ ಬಯಕೆ ಎಲ್ಲವನ್ನೂ ಮಾತನಾಡುತ್ತಿದ್ದಳು. ಗುಟ್ಟು ಹೇಳಬೇಕಾದರೂ ಕೂಗಿಯೇ ಹೇಳುತ್ತಿದ್ದಳು. ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತು, ಸಂಜೆಯ ಹೊತ್ತಿಗೆ ಅವ್ವ ನಿಜವಾದ ವಯಸ್ಸಿಗಿಂತ ಮೂವತ್ತು ವರ್ಷ ಮುದುಕಿಯಾಗಿ ಕಾಣುತ್ತಿದ್ದಳು. ಆದರೆ ದನಿ ಮಾತ್ರ ಬೆಳಗಿನದೇ. ಮೆಣಸಿನಕಾಯಿ ಬೀಸುವ ದಿನ ಊರೆಲ್ಲ ಸೀನುತ್ತಿದ್ದರೂ ಅವ್ವ ಒಬ್ಬಳು ಸೀನದೆ ಮಾತಾಡುತ್ತಿದ್ದಳು. ಅವ್ವ ಸುಮ್ಮನಿರುವುದನ್ನು ನಾನು ಚಿಕ್ಕವಳಿದ್ದಾಗ ನೋಡಿಯೇ ಇರಲಿಲ್ಲ.

ಏಳನೇ ಕ್ಲಾಸಿನವರೆಗೆ ಊರ ಶಾಲೆ. ಅಲ್ಲಿ ಕಲಿಸುವವರೂ ಕಲಿಯುವವರೂ ಒಂದೇ ಬಾಯಿಯವರು. ಎಂಟಕ್ಕೆ ಬಸ್ಸು ಹತ್ತಿ ಆಲೂರಿನ ಒಂದು ಹೈಸ್ಕೂಲಿಗೆ ಹೋದೆ. ತೊಂಬತ್ತರ ದಶಕದ ನಡುವಿನ ಮಾತು. ಮೊದಲ ದಿನ ಎದ್ದು ನಿಂತು ಹೆಸರು ಹೇಳಬೇಕಿತ್ತು. "ಏಮಾವತಿ ಸಾರ್" ಎಂದೆ. ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಯಾಕೆ ನಕ್ಕರೆಂದು ನನಗೆ ಆ ಕ್ಷಣಕ್ಕೆ ತಿಳಿಯಲಿಲ್ಲ. ಲಂಗಕ್ಕೆ ಏನೋ ಅಂಟಿದೆಯೆಂದು ಹಿಂದೆ ತಿರುಗಿ ನೋಡಿಕೊಂಡೆ. ಅದಕ್ಕೆ ಮತ್ತಷ್ಟು ನಕ್ಕರು.

ಹಿಂದಿ ಕ್ಲಾಸಿನಲ್ಲಿ ತಿಳಿಯಿತು. ಪ್ರತಿ ವಾಕ್ಯದ ತುದಿಗೂ ಒಂದು 'ಹೈ' ಕಟ್ಟಿಕೊಂಡ ಭಾಷೆಯನ್ನು ನಮ್ಮ ತಾಲ್ಲೂಕಿನ ಮಕ್ಕಳಿಗೆ ಕಲಿಸಬೇಕೆಂದು ಯಾರಿಗೆ ಹೊಳೆಯಿತೋ ಕಾಣೆ. ನಾನು 'ಐ, ಐ' ಎಂದು ಓದುತ್ತಿದ್ದೆ. ಹಿಂದಿ ಟೀಚರ್ ಒಳ್ಳೆಯವರು, ನಗಲಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೋ, ಹ ಎಂದರೆ ಕೈಗೆ ಬಿಸಿ ಉಸಿರು ತಾಗಬೇಕು ಎಂದು ಹೇಳಿಕೊಟ್ಟರು. ನಾನು ಮನೆಗೆ ಬಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಅಂಗೈಯಲ್ಲಿ ಒಂದು ಚಿಟಿಕೆ ರಾಗಿ ಹಿಟ್ಟು ಇಟ್ಟುಕೊಂಡು ಹ, ಹಾ, ಹಿ, ಹೀ ಎಂದು ಅಭ್ಯಾಸ ಮಾಡಿದೆ. ಹಿಟ್ಟು ಹಾರಿದರೆ ಪಾಸು, ಹಾರದಿದ್ದರೆ ಫೇಲು. ಹದಿನೈದು ದಿನದಲ್ಲಿ ನನ್ನ ಹುಬ್ಬುಗಳೂ ಅವ್ವನ ಹುಬ್ಬುಗಳ ಹಾಗೆ ಕಾಣತೊಡಗಿದವು.

ಹಕಾರ ಬಂತು. ಬಂದದ್ದು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಎಲ್ಲ ಕಡೆಗೂ ನುಗ್ಗಿತು. ಅಪ್ಪನಿಗೆ "ಹನ್ನ ಬಡಿಸ್ಲಾ" ಎಂದೆ. ಮಿಷನ್‌ಗೆ ಬಂದ ಗಿರಾಕಿಯನ್ನು "ಹಕ್ಕಿ ಬೀಸದಾ, ರಾಗಿ ಬೀಸದಾ" ಎಂದು ಕೇಳಿದೆ. ಅವರು ಪಾಪ, ಅಕ್ಕಿ ಎಂದರು. ಮನೆಯಲ್ಲಿ ಇದೆಲ್ಲ ನಡೆಯುತ್ತಿತ್ತು. ಆದರೆ ಒಂಬತ್ತನೇ ಕ್ಲಾಸಿನಲ್ಲಿ ನನ್ನ ಪ್ರಬಂಧ ಚೆನ್ನಾಗಿದೆಯೆಂದು ಪ್ರಾರ್ಥನೆಯ ಹೊತ್ತಿನಲ್ಲಿ ಮೈಕಿನ ಮುಂದೆ ಓದಲು ನಿಲ್ಲಿಸಿದರು. ಮೊದಲು ಪರಿಚಯ ಹೇಳಿಕೊಳ್ಳಬೇಕಿತ್ತು. ಎದುರಿಗೆ ಮುನ್ನೂರು ಮಕ್ಕಳು. ನಾನು ಉಸಿರನ್ನೆಲ್ಲ ಒಟ್ಟುಮಾಡಿ, ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದೆ: "ಹಾಲೂರು ತಾಲ್ಲೂಕು, ಆಸನ ಜಿಲ್ಲೆ."

ಹ ಬೇಕಾದಲ್ಲಿ ಇರಲಿಲ್ಲ, ಬೇಡದಲ್ಲಿ ಇತ್ತು. ಎರಡೇ ಊರಿನ ಹೆಸರಿನಲ್ಲಿ ಎರಡು ತಪ್ಪನ್ನೂ ಮಾಡಿದ್ದೆ. ಮೈದಾನವೆಲ್ಲ ನಕ್ಕಿತು, ಮೇಷ್ಟ್ರುಗಳೂ ಕರ್ಚೀಫು ಅಡ್ಡ ಹಿಡಿದುಕೊಂಡರು. ಪ್ರಬಂಧ ಓದಿದೆನೋ ಇಲ್ಲವೋ ನೆನಪಿಲ್ಲ. ಅವತ್ತಿನಿಂದ ನನ್ನ ಹೆಸರು ಹಾಲೂರು. ಕಾರಿಡಾರಿನಲ್ಲಿ ಎದುರಾದರೆ ಹುಡುಗರು ಹಾಲೂರಿನಲ್ಲಿ ಹಾಲು ಲೀಟರಿಗೆಷ್ಟು ಎಂದು ಕೇಳುತ್ತಿದ್ದರು.

ಈಗ ಯೋಚಿಸಿದರೆ ನಗು ಬರುತ್ತದೆ. ಹಾಗೆ ನಕ್ಕವರಲ್ಲಿ ಮುಕ್ಕಾಲು ಜನ ಸಂಜೆ ಮನೆಗೆ ಹೋಗಿ ಆಲು ಕುಡಿಯುವವರೇ. ತಮ್ಮ ನಾಲಗೆ ಸಿಕ್ಕಿಬೀಳುವ ಮುಂಚೆ ನನ್ನದು ಸಿಕ್ಕಿತಲ್ಲ ಎಂಬ ಸಮಾಧಾನಕ್ಕೆ ಅಷ್ಟು ಜೋರಾಗಿ ನಕ್ಕಿರಬೇಕು. ಅವರ ಮೇಲೆ ನನಗೀಗ ಸಿಟ್ಟಿಲ್ಲ, ಅವರೂ ಹದಿನಾಲ್ಕು ವರ್ಷದವರು. ಆದರೆ ಆ ವಯಸ್ಸಿನಲ್ಲಿ ಇಷ್ಟೆಲ್ಲ ಲೆಕ್ಕಾಚಾರ ಯಾರಿಗೆ ಹೊಳೆಯುತ್ತದೆ? ನನ್ನ ಬಾಯಿಯೇ ಕೆಟ್ಟದ್ದು, ಅದನ್ನು ತೆರೆಯದಿರುವುದೇ ಕ್ಷೇಮ ಎಂದು ನಂಬಿಬಿಟ್ಟೆ.

ತೆರೆಯಲೇಬೇಕಾದಾಗ ಹಕಾರವಿಲ್ಲದ ಮಾತು ಹುಡುಕುತ್ತಿದ್ದೆ. ಹೂವನ್ನು ಪುಷ್ಪವೆಂದೆ, ಹಣ್ಣನ್ನು ಫಲವೆಂದೆ, ಹತ್ತನ್ನು ಟೆನ್ ಎಂದೆ. ಹೌದು ಅನ್ನಲು ತಲೆಯಾಡಿಸಿದೆ. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಶೋಭಾ ನಾನು ಕವನ ಬರೆಯಲು ಶುರುಮಾಡಿದ್ದೇನೆಂದು ತಿಳಿದುಕೊಂಡಳು. ಹಸಿವಾದರೆ ಮಾತ್ರ ಉಪಾಯವೇ ಇರಲಿಲ್ಲ. ಹಸಿವಿಗೂ ಹ, ಹೊಟ್ಟೆಗೂ ಹ. ಸುಮ್ಮನೆ ನೀರು ಕುಡಿದು ಬರುತ್ತಿದ್ದೆ.

ಹತ್ತನೇ ಕ್ಲಾಸಿನ ಅಕ್ಟೋಬರ್ ರಜೆ ಮುಗಿದು ಹೋದಾಗ ಹೊಸ ಕನ್ನಡ ಮೇಷ್ಟ್ರು ವರ್ಗವಾಗಿ ಬಂದಿದ್ದರು. ಅವರೇ ನಮ್ಮ ಕ್ಲಾಸ್ ಟೀಚರ್. ಶುದ್ಧವಾದ ಕನ್ನಡ, ಒಂದೊಂದು ಅಕ್ಷರವೂ ತೊಳೆದಿಟ್ಟಂತೆ. ನವೆಂಬರ್ ಮೊದಲ ವಾರ ರಾಜ್ಯೋತ್ಸವದ ಹುರುಪಿನಲ್ಲಿ ಒಂದು ಕಾನೂನು ತಂದರು: ಹೆಸರು ಕರೆದಾಗ ಇನ್ನು 'ಎಸ್ ಸಾರ್' ಅನ್ನಕೂಡದು, ಅಪ್ಪಟ ಕನ್ನಡದಲ್ಲಿ 'ಹಾಜರ್' ಅನ್ನಬೇಕು. ಹಾಜರ್ ಕನ್ನಡದ್ದೇ ಅಲ್ಲ, ಅದೂ ಎಸ್ ಸಾರ್ ಹಾಗೆ ಬೇರೆ ಕಡೆಯಿಂದ ಬಂದ ನೆಂಟ ಎಂದು ನನಗೆ ಗೊತ್ತಾದದ್ದು ಕಾಲೇಜಿನಲ್ಲಿ. ಅದು ಗೊತ್ತಾದ ದಿನ ರಿಕ್ಷಾ ಹಿಡಿದು ಮೇಷ್ಟ್ರ ಮನೆ ಹುಡುಕಬೇಕೆನ್ನಿಸಿತ್ತು.

ಎಸ್ ಸಾರ್ ಎಂಬುದು ನನಗೆ ಎಂಥ ಆಸರೆಯಾಗಿತ್ತೆಂದು ಅದು ಹೋದಮೇಲೆ ತಿಳಿಯಿತು. ಮೊದಲ ದಿನ ಮೇಷ್ಟ್ರು "ಹೇಮಾವತಿ" ಎಂದು ಕರೆದಾಗ ಬಾಯಿ ತೆರೆದೆ. ಹಾಜರ್ ಬರುತ್ತದೋ ಆಜರ್ ಬರುತ್ತದೋ ಎಂದು ನನಗೇ ಖಾತ್ರಿಯಿರಲಿಲ್ಲ. ಹಿಂದಿನ ಸಾಲಿನಲ್ಲಿ ಹುಡುಗರು ಕಾದು ಕೂತಿದ್ದರು. ಬಾಯಿ ಮುಚ್ಚಿಕೊಂಡು ಕೈ ಎತ್ತಿದೆ. ಅರವತ್ತು ಹೆಸರು ಓದಿ ಮುಗಿಸಬೇಕಾದ ಮೇಷ್ಟ್ರು ಪುಸ್ತಕದಿಂದ ತಲೆಯೆತ್ತುವವರಲ್ಲ. ಗೈರು ಎಂದು ಬರೆದು ಮುಂದಿನ ಹೆಸರಿಗೆ ಹೋದರು. ಶೋಭಾ ನನ್ನ ಪರವಾಗಿ ಹೇಳುವಂತಿರಲಿಲ್ಲ. ಚಕ್ಕರ್ ಹೊಡೆದವರ ಪರವಾಗಿ ಗೆಳೆಯರು ಕೂಗುತ್ತಾರೆಂದು, ಇನ್ನೊಬ್ಬರ ಹಾಜರಿ ಹೇಳಿದರೆ ಇಬ್ಬರಿಗೂ ಗೈರು ಎಂದು ಮೇಷ್ಟ್ರು ಮೊದಲೇ ಎಚ್ಚರಿಸಿದ್ದರು.

ನಾಳೆ ಹೇಳೋಣ ಎಂದುಕೊಂಡೆ. ನಾಳೆಯೂ ಆಗಲಿಲ್ಲ. ನಾಲ್ಕು ದಿನ ಹೋದಮೇಲೆ ಐದನೇ ದಿನ ಹೇಳುವುದು ಇನ್ನೂ ಕಷ್ಟವಾಯಿತು, ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಿದರೆ ಏನು ಹೇಳಲಿ? ಹೀಗೆ ನಾನು ದಿನವೂ ಏಳೂಕಾಲರ ಬಸ್ಸು ಹಿಡಿದು, ಮೂರನೇ ಬೆಂಚಿನಲ್ಲಿ ಕೂತು, ಪಾಠ ಕೇಳಿ, ನೋಟ್ಸು ಬರೆದು, ರಿಜಿಸ್ಟರಿನ ಪ್ರಕಾರ ಎಲ್ಲೂ ಇಲ್ಲದವಳಾಗಿ ಎರಡು ತಿಂಗಳು ಕಳೆದೆ. ನಿಜ ಹೇಳಬೇಕೆಂದರೆ ಅದರಲ್ಲೊಂದು ಸುಖವೂ ಇತ್ತು. ಇಲ್ಲದವಳನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ.

ಜನವರಿಯಲ್ಲಿ ಶಾಲೆಯಿಂದ ಮನೆಗೆ ಕಾರ್ಡು ಬಂತು. ಕವರು ಬಂದಿದ್ದರೂ ಎಷ್ಟೋ ವಾಸಿಯಿತ್ತು. ಅವ್ವನಿಗೆ ಕೂಡಿಸಿ ಕೂಡಿಸಿ ಓದಲು ಮಾತ್ರ ಬರುತ್ತಿದ್ದುದರಿಂದ ಪೋಸ್ಟಿನವನು ಮಿಷನ್ ಬಾಗಿಲಲ್ಲೇ ನಿಂತು, ಬೆಲ್ಟಿನ ಸದ್ದಿನ ಮೇಲೆ ಗಂಟಲು ಹರಿಯುವಂತೆ ಓದಿದನಂತೆ: ನಿಮ್ಮ ಮಗಳು ನವೆಂಬರ್ ತಿಂಗಳಿನಿಂದ ಶಾಲೆಗೆ ಬರುತ್ತಿಲ್ಲ, ಹಾಜರಾತಿ ಸಾಲದ ಕಾರಣ ಪರೀಕ್ಷೆಗೆ ಕೂರಿಸಲಾಗುವುದಿಲ್ಲ, ಪೋಷಕರು ಬಂದು ಕಾಣತಕ್ಕದ್ದು. ಹಿಟ್ಟಿಗೆ ಬಂದಿದ್ದ ಏಳೆಂಟು ಹೆಂಗಸರು ಕೇಳಿಸಿಕೊಂಡರು. ಅವ್ವ ಸ್ವಿಚ್ಚು ತೆಗೆದು, ಉಳಿದದ್ದನ್ನು ನಾಳೆ ಬೀಸಿಕೊಡುತ್ತೇನೆಂದು ಎಲ್ಲರನ್ನೂ ಕಳಿಸಿದಳಂತೆ. ನಾನು ಸಂಜೆ ಬಸ್ಸಿಳಿದಾಗ ಆ ಹೊತ್ತಿನಲ್ಲಿ ಎಂದೂ ನಿಲ್ಲದ ಮಿಷನ್ ನಿಂತಿತ್ತು.

ಹದಿನೈದು ವರ್ಷದ ಹುಡುಗಿ ದಿನಾ ಬೆಳಗ್ಗೆ ತಲೆ ಬಾಚಿ, ಡಬ್ಬಿ ಹಿಡಿದು ಬಸ್ಸು ಹತ್ತುತ್ತಾಳೆ, ಶಾಲೆಯಲ್ಲಿ ಇಲ್ಲ. ಊರು ಇದರಿಂದ ಏನು ಅರ್ಥ ಮಾಡಿಕೊಳ್ಳುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಅಪ್ಪ ನನ್ನ ಮುಖ ನೋಡಲಿಲ್ಲ. ಓದಿದ್ದು ಸಾಕು, ಯಸಳೂರಿನ ಕಡೆಯಿಂದ ಹೆಣ್ಣು ಕೇಳಿಕೊಂಡು ಬಂದಿದ್ದಾರಲ್ಲ, ಅವರಿಗೆ ಹೇಳಿಕಳಿಸುತ್ತೇನೆ ಎಂದು ಗೋಡೆಗೆ ಹೇಳಿದರು. ಅವ್ವ ಒಂದು ದಿನ ತಡೆಯಿರಿ, ನಾನೇ ಹೋಗಿ ಕೇಳಿ ಬರುತ್ತೇನೆ ಎಂದಳು. ಆಮೇಲೆ ನನ್ನನ್ನು ಮಿಷನ್ ಮನೆಯೊಳಗೆ ಕರೆದುಕೊಂಡು ಹೋಗಿ ಕೂರಿಸಿದಳು.

"ನಿಜ ಏಳು. ಎಲ್ಲಿಗೋಗ್ತಿದ್ದೆ?"

"ಇಸ್ಕೂಲಿಗೇ ಕಣವ್ವ. ಎಸ್ರು ಕೂಗ್ದಾಗ ಹಾಜರ್ ಅನ್ಬೇಕು. ಕ್ಲಾಸಲ್ಲಿ ನಂಗೆ ಅನ್ನಕ್ಕೆ ಬರಲ್ಲ."

ಅವ್ವ ನನ್ನನ್ನು ನೋಡಿದಳು. "ಆಜರ್ ಅನ್ನಕ್ಕೆ ಬರಲ್ವ? ಈಗ ನಾನಂದ್ನಲ್ಲ, ಆಜರ್. ಅದ್ರಲ್ಲೇನೈತೆ?"

ಅವಳಿಗೆ ಎರಡರ ವ್ಯತ್ಯಾಸ ಕೇಳಿಸುತ್ತಲೇ ಇರಲಿಲ್ಲ. ಅದನ್ನು ಕಂಡಾಗ ಎರಡು ವರ್ಷದಿಂದ ನುಂಗಿಕೊಂಡದ್ದೆಲ್ಲ ಒಮ್ಮೆಗೇ ಬಾಯಿಗೆ ಬಂತು. ನಿನ್ನ ಮಾತು ಕಲಿತೇ ನಾನು ಹೀಗಾದದ್ದು ಎಂದೆ. ನಿನ್ನಿಂದಲೇ ಎಲ್ಲರೂ ನನ್ನನ್ನು ನೋಡಿ ನಗುವುದು ಎಂದೆ. ಕೊನೆಗೆ ಹೇಳಿದ ಮಾತನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. "ನಾಳೆ ಬಂದ್ರೂ ಬಾಯಿ ಬಿಡ್ಬ್ಯಾಡ ನೀನು. ನೀನು ಮಾತಾಡುದ್ರೆ ನಂಗೆ ನಾಚ್ಕೆ ಆಯ್ತದೆ."

ಅವ್ವ ರೇಗುತ್ತಾಳೆಂದುಕೊಂಡಿದ್ದೆ, ಒಂದು ಏಟು ಬಿದ್ದಿದ್ದರೂ ಒಪ್ಪುತ್ತಿತ್ತು. ಅವಳು ಮಡಿಲಿನ ಹಿಟ್ಟು ಕೊಡವಿಕೊಂಡು ಎದ್ದಳು. "ಆಯ್ತು ಬುಡು. ನನ್ ಮಾತಿಂದ ನಿನ್ ಓದು ಕೆಡದು ಬ್ಯಾಡ," ಎಂದಳು.

ಮಾರನೆಯ ದಿನ ಅವ್ವ ಮದುವೆಗೆ ಉಡುವ ಸೀರೆ ಉಟ್ಟು, ವಿಭೂತಿ ಇಟ್ಟುಕೊಂಡು ಬಂದಳು. ಹೆಡ್ ಮೇಷ್ಟ್ರ ಕೋಣೆಯಲ್ಲಿ ಕನ್ನಡ ಮೇಷ್ಟ್ರೂ ಇದ್ದರು. ಮೇಜಿನ ಮೇಲೆ ರಿಜಿಸ್ಟರು ತೆರೆದಿತ್ತು, ನನ್ನ ಹೆಸರಿನ ಮುಂದೆ ಸಾಲಾಗಿ ಕೆಂಪು. ಹೆಡ್ ಮೇಷ್ಟ್ರು ಕೆಟ್ಟವರಲ್ಲ, ಕುರ್ಚಿ ತೋರಿಸಿ ಅವ್ವನನ್ನು ಕೂರಿಸಿದರು. ಮಗಳು ಮನೆಯಿಂದ ಹೊರಟು ಎಲ್ಲಿಗೆ ಹೋಗುತ್ತಾಳೆಂದು ನಿಮಗೆ ಗೊತ್ತೇನಮ್ಮ ಎಂದು ಕೇಳಿದರು. ಅವ್ವ ನನ್ನ ಕಡೆ ನೋಡಿ, ಸೆರಗು ಸರಿಮಾಡಿಕೊಂಡು, ಸುಮ್ಮನೆ ಕೂತಳು. ಅವರು ಇನ್ನೊಮ್ಮೆ ಕೇಳಿದರು. ಹೆಣ್ಣು ಹುಡುಗಿಯ ವಿಷಯ, ನೀವು ಹೀಗೆ ಸುಮ್ಮನಿದ್ದರೆ ಟಿ.ಸಿ. ಕೊಡದೆ ನಮಗೆ ಬೇರೆ ದಾರಿಯಿಲ್ಲ ಎಂದರು. ಅವ್ವನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ಮಿಷನ್ ಸದ್ದಿನ ಮೇಲೆ ಕೂಗುವಾಗ ಉಬ್ಬುತ್ತಿದ್ದ ನರ ಅದೇ. ಆದರೂ ಬಾಯಿ ತೆರೆಯಲಿಲ್ಲ.

ಹೆಡ್ ಮೇಷ್ಟ್ರಿಗೆ ಆಗ ಏನೋ ಅನುಮಾನ ಬಂತು. ದನಿ ತಗ್ಗಿಸಿ ನನ್ನನ್ನು ಕೇಳಿದರು. "ನಿಮ್ಮ ತಾಯಿಗೆ ಮಾತು ಬರಲ್ವೇನಮ್ಮ?"

ನಾನು ಉತ್ತರ ಕೊಡುವ ಮುಂಚೆ ಅವ್ವ ಬರುವುದಿಲ್ಲ ಎಂದು ತಲೆಯಾಡಿಸಿದಳು.

ಇಡೀ ಹೊಸಕೋಟೆಗೆ ಕೇಳಿಸುವ ಗಂಟಲಿನ ಹೆಂಗಸು ನನ್ನ ಮಾನ ಉಳಿಸಲು ಮೂಗಿಯಾಗಿ ಕೂತಿದ್ದಳು. ಎದ್ದು ನಿಂತೆನೋ, ಮೊದಲೇ ನಿಂತಿದ್ದೆನೋ ತಿಳಿಯದು.

"ಬತ್ತದೆ ಸಾರ್. ನಮ್ಮವ್ವಂಗೆ ಮಾತು ಬತ್ತದೆ. ನಾನೇ ಮಾತಾಡ್ಬ್ಯಾಡ ಅಂದಿದ್ದೆ," ಎಂದೆ. ಆಮೇಲೆ ಕನ್ನಡ ಮೇಷ್ಟ್ರ ಕಡೆ ತಿರುಗಿದೆ. "ನಾನು ದಿನಾ ಆಜರ್ ಸಾರ್. ಮೂರ್ನೇ ಬೆಂಚಲ್ಲಿ ಆಜರ್. ಒಂದಿನಾನೂ ತಪ್ಸಿಲ್ಲ. ನಂಗೆ ಆಜರ್ ಅನ್ನಕ್ಕೆ ಬರಲ್ಲ, ಅದ್ಕೆ ಕೈ ಎತ್ತುತಿದ್ದೆ."

ಯಾರೂ ನಗಲಿಲ್ಲ. ಮೇಷ್ಟ್ರು ನನ್ನ ಚೀಲ ಇಸಿದುಕೊಂಡು ನೋಟ್ಸು ತೆಗೆದರು. ಅವರು ಮಾಡಿದ ಒಂದೊಂದು ಪಾಠವೂ ತಾರೀಖಿನ ಸಮೇತ ಅಲ್ಲಿತ್ತು. ಶೋಭಾಳನ್ನು ಕರೆಸಿ ಕೇಳಿದರು. ಅವಳು ಅಳುತ್ತಲೇ ಹೌದೆಂದಳು. ಎರಡು ತಿಂಗಳು ಎದುರಿಗೆ ಕೂತವಳನ್ನು ಇಲ್ಲವೆಂದು ಬರೆದ ಆ ಮನುಷ್ಯ ಸ್ವಲ್ಪ ಹೊತ್ತು ಪುಟಗಳನ್ನು ಹಿಂದೆ ಮುಂದೆ ತಿರುವಿದರು. ಆಮೇಲೆ ಮೊದಲ ಬಾರಿ ನನ್ನ ಮುಖವನ್ನು ಸರಿಯಾಗಿ ನೋಡಿದರು. "ನಾನು ತಲೆ ಎತ್ತಲಿಲ್ವಲ್ಲ. ನೀನಾದ್ರೂ ಒಂದ್ ಮಾತು ಏಳಕ್ಕೇನಾಗಿತ್ತು ಮಗ?"

ಏಳಕ್ಕೆ ಎಂದರು. ತೊಳೆದಿಟ್ಟ ಕನ್ನಡದ ಮೇಷ್ಟ್ರ ಬಾಯಿಂದ ಹಕಾರ ಬಿದ್ದುಹೋಗಿತ್ತು. ಅವರಿಗದು ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಅವರೂ ಯಾವುದೋ ಊರಿನ ಯಾವುದೋ ಅವ್ವನ ಮಗ, ಎಷ್ಟು ವರ್ಷ ಎಷ್ಟು ಕಷ್ಟಪಟ್ಟು ಆ ಅಕ್ಷರ ದಕ್ಕಿಸಿಕೊಂಡಿದ್ದರೋ ಎಂದು ಈಗ ಅನ್ನಿಸುತ್ತದೆ. ಕೆಂಪು ಗುರುತುಗಳನ್ನು ಒಂದೊಂದಾಗಿ ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದರು. ಹೆಡ್ ಮೇಷ್ಟ್ರು ನೀವೀಗ ಮಾತಾಡಬಹುದಮ್ಮ ಎಂದು ಅವ್ವನಿಗೆ ಹೇಳಿದರು. ಅವ್ವ ಎದ್ದು ಇಬ್ಬರಿಗೂ ಕೈಮುಗಿದಳು, ಅಷ್ಟೇ.

ಮಾರ್ಚಿನಲ್ಲಿ ಪರೀಕ್ಷೆ ಬರೆದೆ, ಪಾಸೂ ಆದೆ. ಯಸಳೂರಿನವರು ಬೇರೆ ಹುಡುಗಿ ನೋಡಿಕೊಂಡರು. ಅವ್ವ ಶಾಲೆಗೆ ಬಂದುಹೋದ ಮಾರನೆಯ ದಿನದಿಂದ ನಾನು ಕ್ಲಾಸಿನಲ್ಲಿ ಆಜರ್ ಎಂದೇ ಕೂಗುತ್ತಿದ್ದೆ. ಎರಡು ದಿನ ನಕ್ಕ ಹುಡುಗರು ಮೂರನೇ ದಿನ ಬೇಸರವಾಗಿ ಬಿಟ್ಟರು. ಇಷ್ಟು ಸುಲಭವಿತ್ತೇ ಎಂದು ನನಗೇ ಆಶ್ಚರ್ಯವಾಯಿತು. ಆದರೆ ನನಗೆ ನೆನಪಾಗುವುದು ಅದಲ್ಲ, ಅವತ್ತು ಮಧ್ಯಾಹ್ನ ನಾವಿಬ್ಬರೂ ಊರಿಗೆ ಹಿಂದಿರುಗಿದ ಬಸ್ಸು.

ಜನ ತುಂಬಿದ್ದರು. ಹೇಗೋ ಇಬ್ಬರಿಗೂ ಸೀಟು ಸಿಕ್ಕಿತು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಅವ್ವನನ್ನು ಕೇಳಿದ. ನಮ್ಮೂರಿನ ಹೆಸರಿನಲ್ಲೂ ಒಂದು ಹಕಾರವಿದೆ. ಅವ್ವ ಎರಡು ಬೆರಳು ತೋರಿಸಿ ನನ್ನ ಮುಖ ನೋಡಿದಳು. ಇದಕ್ಕೆ ಮುಂಚೆ ಟಿಕೆಟ್ ತೆಗೆದುಕೊಳ್ಳುವಾಗ ಕಂಡಕ್ಟರನ ಮನೆಯವರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದವಳು ಅವಳು. "ಎರಡು ಒಸ್ಕೋಟೆ" ಎಂದೆ. ಕಂಡಕ್ಟರ್ ಹರಿದುಕೊಟ್ಟು ಮುಂದೆ ಹೋದ. ಅವ್ವ ಟಿಕೆಟ್ಟನ್ನು ಮಡಚಿ ಬಳೆಯ ಸಂದಿಗೆ ಸಿಕ್ಕಿಸಿಕೊಂಡು ಕಿಟಕಿಯಾಚೆ ನೋಡುತ್ತಾ ಕೂತಳು. ಆಲೂರಿನ ಕೊನೆಯ ಮನೆಗಳು ಹಿಂದಾದವು. ಕಾಫಿ ತೋಟಗಳು ಶುರುವಾದವು. ಆಗ ನನ್ನ ಕಿವಿಯ ಹತ್ತಿರ ಬಗ್ಗಿ, ಆ ಗಂಟಲಿನಿಂದ ನಾನು ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದಳು.

"ಏಮ, ಈಗ ಮಾತಾಡ್ಬೋದಾ?"